3000 ವ್ಯಾಟ್ ಬಾಯ್ಲರ್‌ಗೆ 1.5ರ ವೈರ್ ಸಾಕಾಗುತ್ತಾ?

ಬೇಡ, 2.5 ಹಾಕಿಸಿ. ಲೈಟಿಗೆ ತಂದು ಉಳಿದ 1.5 ಸ್ಕ್ವೇರ್ ಎಂಎಂ ವೈರ್ ಇದೆ, ಬೋರ್ಡಿನಿಂದ ಬಾಯ್ಲರ್‌ಗೆ 20 ಮೀಟರ್ ದೂರ, ಅದನ್ನೇ ಎಳೆಯಬಹುದಾ ಅಂತ ಕೇಳಿದ್ದೀರಿ. ಉಳಿದ ವೈರ್ ಕಣ್ಣೆದುರು ಇದ್ದಾಗ ಎಲ್ಲರಿಗೂ ಆಸೆಯಾಗುತ್ತದೆ, ಅಲ್ವಾ?

ಬಾಯ್ಲರ್ ಮೇಲಿನ ವ್ಯಾಟನ್ನು ವೋಲ್ಟ್‌ನಿಂದ ಭಾಗಿಸಿ. 3000ವನ್ನು 230ರಿಂದ ಭಾಗಿಸಿದರೆ ಸುಮಾರು 13 ಆಂಪಿಯರ್. ಅಷ್ಟನ್ನು 1.5ರ ವೈರ್ ತಡೆಯುತ್ತದೆ ಅಂತ ಯಾರಾದರೂ ವಾದ ಮಾಡಬಹುದು. ಪೂರ್ತಿ ಸುಳ್ಳೂ ಅಲ್ಲ. ಆದರೆ ನೀರು ಕಾಯುವ ತನಕ ಬಾಯ್ಲರ್ ಒಂದೇ ಸಮನೆ ಅಷ್ಟೂ ಕರೆಂಟ್ ಎಳೆಯುತ್ತದೆ. ಹೋಗಿ ಬರುವ ದಾರಿ ಸೇರಿ 40 ಮೀಟರ್ ತಾಮ್ರ. 1.5ರಲ್ಲಿ ಸುಮಾರು 80 ವ್ಯಾಟ್ ಸುಮ್ನೆ ಗೋಡೆಯೊಳಗೆ ಬಿಸಿಯಾಗಿ ಹೋಗುತ್ತದೆ. 2.5ರಲ್ಲಿ ಅದು 50ರ ಆಸುಪಾಸು. ದೂರ ಇನ್ನೂ ಜಾಸ್ತಿಯಿದ್ದರೆ, ಅಥವಾ ಅದೇ ಪೈಪಿನಲ್ಲಿ ಬೇರೆ ವೈರ್‌ಗಳೂ ತುಂಬಿದ್ದರೆ 4ರ ವೈರ್ ಎಳೆಯಿರಿ. ಬಾಯ್ಲರ್‌ಗೆ ಲೈನ್ ಬೇರೆಯೇ ಇರಲಿ, ಮಧ್ಯೆ ಜಾಯಿಂಟ್ ಬೇಡ.

2.5ಕ್ಕೆ 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಸರಿ. ಅದು ಪದೇ ಪದೇ ಬಿದ್ದರೆ 32ರದ್ದು ಹಾಕಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎಂಸಿಬಿ ಕಾಯುವುದು ವೈರನ್ನು, ಬಾಯ್ಲರನ್ನಲ್ಲ. ಜನರನ್ನು ಕಾಯಲು 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್, ಬೇಕು. ಅರ್ತ್ ವೈರ್ ಕೂಡ 2.5ರದ್ದೇ ಇರಲಿ. ನೀರಿನ ಹತ್ತಿರ ಇದರಲ್ಲಿ ಜುಗ್ಗತನ ಬೇಡ.

ಇಷ್ಟೆಲ್ಲ ಮಾಡಿಯೂ ನಾನು ಎಡವಿದ್ದು ಕೊನೆಯ ಅರ್ಧ ಮೀಟರಿನಲ್ಲಿ. ಮನೆಗೆ 4ರ ವೈರ್ ಎಳೆಸಿ ಬೀಗುತ್ತಿದ್ದೆ. ಕೆಲವು ತಿಂಗಳಲ್ಲಿ ಸುಟ್ಟ ವಾಸನೆ. ಬಾಯ್ಲರ್‌ನ ಮುಚ್ಚಳ ಬಿಚ್ಚಿದರೆ, ವೈರ್ ಬಿಗಿಯುವ ಟರ್ಮಿನಲ್ಲಿನ ಒಂದು ಸ್ಕ್ರೂ ಸಡಿಲ, ಅಲ್ಲಿ ವೈರಿನ ಸಿಪ್ಪೆ ಕಂದಾಗಿ ಪುಡಿಪುಡಿ. ಎಳೆ ಎಳೆಯಾದ ವೈರನ್ನು ಲಗ್ (ವೈರಿನ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ಇಲ್ಲದೆ ಹಾಗೇ ತುರುಕಿದ್ದರು. ಸಡಿಲ ಜಾಗದಲ್ಲಿ ಹುಟ್ಟುವ ಬಿಸಿಗೆ ದಪ್ಪ ವೈರ್ ಏನೂ ಮಾಡಲಾರದು. ಜೊತೆಗೆ ಸಾಮಾನ್ಯ ಪಿವಿಸಿ ಸಿಪ್ಪೆಯ ಮಿತಿ 70 ಡಿಗ್ರಿ, ಕಾಯುವ ಟ್ಯಾಂಕಿಗೆ ತಾಗಿಕೊಂಡು ಅದು ಬಹಳ ದಿನ ಬಾಳುವುದಿಲ್ಲ. ಹಾಗಾಗಿ ಗೋಡೆಯ ಸ್ವಿಚ್‌ನಿಂದ ಬಾಯ್ಲರ್ ತನಕ ಬಿಸಿ ತಡೆಯುವ ಸಿಲಿಕೋನ್ ಅಥವಾ ರಬ್ಬರ್ ಕೇಬಲ್ ಕೇಳಿ ತನ್ನಿ. ಆ ಸ್ವಿಚ್ ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಆಗಿರಲಿ.

ಕೆಲಸ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಒಂದೆರಡು ವಾರ ಬಳಸಿದ ಮೇಲೆ ಅವರನ್ನೇ ಮತ್ತೆ ಕರೆದು, ಮೇನ್ ಆಫ್ ಮಾಡಿಸಿ, ಸ್ಕ್ರೂಗಳನ್ನು ಇನ್ನೊಂದು ಸಲ ಬಿಗಿ ಮಾಡಿಸಿ.