ಒಸಡಿನ ಚಿಕಿತ್ಸೆಯಿಂದ ಶುಗರ್ ಇಳಿಯುತ್ತಾ?

ತಂದೆಯವರಿಗೆ ಶುಗರ್ ಇದೆ, ಬ್ರಶ್ ಮಾಡುವಾಗ ಒಸಡಿನಿಂದ ರಕ್ತ ಬರುತ್ತದೆ, ಡಾಕ್ಟರ್ ಹೇಳಿದ, ಒಸಡಿನ ಕೆಳಗಿನ ಪಾಚಿಯನ್ನೂ ತೆಗೆಯುವ ಡೀಪ್ ಕ್ಲೀನಿಂಗ್‌ನಿಂದ ಶುಗರ್‌ಗೂ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ಇದೆ. ದಯವಿಟ್ಟು ಮುಂದೂಡಬೇಡಿ.

ಈ ಎರಡು ಕಾಯಿಲೆಗಳೂ ಒಂದನ್ನೊಂದು ಕೆಡಿಸುತ್ತವೆ. ಶುಗರ್ ಜಾಸ್ತಿ ಇದ್ದರೆ ಒಸಡಿನ ಸೋಂಕು ಬೇಗ ಬಲಿಯುತ್ತದೆ. ಒಸಡು ಊದಿಕೊಂಡೇ ಇದ್ದರೆ ಅಲ್ಲಿಂದ ರಕ್ತಕ್ಕೆ ಸೇರುವ ರಾಸಾಯನಿಕಗಳು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. 2022ರಲ್ಲಿ ಬಂದ ಕಾಕ್ರೇನ್ ವಿಮರ್ಶೆ (ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಅಂತರರಾಷ್ಟ್ರೀಯ ಸಂಸ್ಥೆಯದು) 35 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಒಸಡಿನ ಚಿಕಿತ್ಸೆ ಪಡೆದವರ, ಕಳೆದ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಮೂರ್ನಾಲ್ಕು ತಿಂಗಳಲ್ಲಿ, ಪಡೆಯದವರಿಗಿಂತ ಸರಾಸರಿ 0.43 ಶೇಕಡಾ ಅಂಶದಷ್ಟು ಕಡಿಮೆ ಇತ್ತು. ಆರು ತಿಂಗಳಿಗೆ ಈ ವ್ಯತ್ಯಾಸ 0.30. ಸಣ್ಣ ಸಂಖ್ಯೆ ಅನ್ನಿಸಬಹುದು. ಆದರೆ ಈಗಿರುವ ಔಷಧಿಯ ಜೊತೆಗೆ ಇಷ್ಟು ಸಿಕ್ಕರೆ ಅದು ದೊಡ್ಡದೇ ಅಲ್ವಾ? ಹಾಗಂತ ಮಾತ್ರೆ ನಿಲ್ಲಿಸುವಂತಿಲ್ಲ.

ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಅಂತ ಯಾರಾದರೂ ಹೆದರಿಸಿದರೆ ನಂಬಬೇಡಿ. ಹಲ್ಲನ್ನು ಸಡಿಲಿಸುವುದು ಒಳಗಿನ ಮೂಳೆ ಸವೆಸುವ ಆ ಸೋಂಕು. ಪಾಚಿ ಹೋಗಿ ಊತ ಇಳಿದಾಗ ಹಲ್ಲಿನ ಮಧ್ಯೆ ಸಂದು ಕಾಣುತ್ತದೆ, ಅಷ್ಟೇ.

ಹೋಗುವಾಗ ಇತ್ತೀಚಿನ ಶುಗರ್ ರಿಪೋರ್ಟ್, ಔಷಧಿಗಳ ಪಟ್ಟಿ ಕೊಂಡೊಯ್ಯಿರಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ.