ಸಾಕಮ್ಮನವರ ಮೊಮ್ಮಗಳಿಗೊಂದು ಹೆಸರು

ಗುರುತು ಸಿಗಬಾರದೆಂದು, ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ಈ ಕುಟುಂಬದವರ ಹೆಸರು, ಊರು, ಕೆಲಸ ಎಲ್ಲವನ್ನೂ ಬದಲಿಸಿದ್ದೇನೆ. ಅಜ್ಜಿಯ ಹೆಸರೊಂದನ್ನು ಮಾತ್ರ ಅವರ ಒಪ್ಪಿಗೆ ಪಡೆದು ಹಾಗೇ ಉಳಿಸಿಕೊಂಡಿದ್ದೇನೆ. ಹಳೇ ಮೈಸೂರು ಕಡೆ ಊರಿಗಿಬ್ಬರಾದರೂ ಸಾಕಮ್ಮಂದಿರು ಸಿಗುತ್ತಾರೆ.

ಮಗುವಿಗೆ ಐದು ತಿಂಗಳು. ದೀಪಾ ಬಾಣಂತನ ಮುಗಿಸಿ ತವರಿನಿಂದ ಬಂದು ಮೂರು ವಾರವಾಗಿತ್ತು. ಆ ಮೂರು ವಾರವೂ ಅತ್ತೆ ಸೊಸೆ ನೇರವಾಗಿ ಮಾತಾಡಿರಲಿಲ್ಲ. ಹೇಳಬೇಕಾದ್ದನ್ನೆಲ್ಲ ಮಗುವಿಗೆ ಹೇಳುತ್ತಿದ್ದರು. "ನಿಮ್ಮಮ್ಮಂಗೆ ಹೇಳು ಪಾಪು, ಹಾಲು ಉಕ್ತಾ ಇದೆ ಅಂತ." "ನಿಮ್ಮಜ್ಜಿಗೆ ಹೇಳು ಕಂದ, ನೋಡಿದೀನಿ ಅಂತ."

ಜಗಳ ಹೆಸರಿನದು. ಹನ್ನೊಂದನೇ ದಿನ ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ನಕ್ಷತ್ರದ ಹೆಸರು ಹೇಳಿ ಮುಗಿಸಿದ್ದರು. ಕರೆಯುವ ಹೆಸರು, ಬರೆಸುವ ಹೆಸರು ಮಾತ್ರ ಇತ್ಯರ್ಥವಾಗಿರಲಿಲ್ಲ. ಲಸಿಕೆ ಕಾರ್ಡಿನ ಮೇಲೆ ಇನ್ನೂ "ಬೇಬಿ ಆಫ್ ದೀಪಾ" ಎಂದೇ ಇತ್ತು.

ದೀಪಾ ಆರಿಸಿದ್ದ ಹೆಸರು ಕಿರಣ್. ಹುಟ್ಟುವ ಮೊದಲು ಗಂಡೋ ಹೆಣ್ಣೋ ತಿಳಿಯುವಂತಿಲ್ಲ, 1994ರ ಕಾಯ್ದೆ ಅದನ್ನು ನಿಷೇಧಿಸಿದೆ. ಹಾಗಾಗಿ ಎರಡಕ್ಕೂ ಹೊಂದುವ ಹೆಸರನ್ನು ಮೊದಲೇ ಹುಡುಕಿಟ್ಟುಕೊಳ್ಳುವ ದಂಪತಿಗಳನ್ನು ಈಗೀಗ ಹೆಚ್ಚು ನೋಡುತ್ತಿದ್ದೇನೆ. ದೀಪಾಗೆ ಅದಕ್ಕಿಂತ ಆಳದ ಕಾರಣವಿತ್ತು. "ಬಯೋಡೇಟಾದ ಮೇಲೆ ಹೆಣ್ಣಿನ ಹೆಸರು ಕಂಡ ತಕ್ಷಣ ಮದುವೆ ಆಗಿದೆಯಾ, ಮಕ್ಕಳು ಯಾವಾಗ ಅಂತ ಶುರು ಮಾಡ್ತಾರೆ ಮೇಡಂ. ನನ್ನ ಕೆಲಸ ನೋಡೋಕೆ ಮೊದಲೇ ನನ್ನನ್ನ ಹೆಂಗಸು ಅಂತ ನೋಡ್ತಾರೆ. ನನ್ನ ಮಗಳಿಗೆ ಅದು ಬೇಡ."

"ಮಗಳು ಹದಿನೈದು ವರ್ಷದವಳಾದಾಗ ಈ ಹೆಸರು ಯಾಕಿಟ್ಟೆ ಅಂತ ಕೇಳಿದರೆ ಏನು ಹೇಳ್ತೀರಿ?" ಎಂದೆ. ಬಾಯಿಗೆ ಬಂದ ಉತ್ತರವನ್ನು ದೀಪಾ ಅರ್ಧಕ್ಕೇ ನಿಲ್ಲಿಸಿದರು: "ನೀನು ಹೆಣ್ಣು ಅಂತ ಯಾರಿಗೂ..." ಮಗುವಿನ ಟೋಪಿಯ ದಾರವನ್ನು ಬಿಚ್ಚಿ ಮತ್ತೆ ಕಟ್ಟುತ್ತ ಬಹಳ ಹೊತ್ತು ಸುಮ್ಮನಿದ್ದರು.

ಗಂಡನನ್ನು ಚೈತ್ರ ಎಂದು ಕರೆಯೋಣ, ಅವರ ನಿಜವಾದ ಹೆಸರೂ ಅಂಥದ್ದೇ. ಮೊದಲ ದಿನ ಅವರು ಹೇಳಿದ್ದು ಒಂದೇ ಮಾತು, "ನೀವಿಬ್ಬರೂ ಏನು ಇಟ್ಟರೂ ಸರಿ." ಆದರೆ ನನ್ನ ಫಾರಂನಲ್ಲಿ ಹೆಸರಿನ ಜಾಗದಲ್ಲಿ ಮೂರು ಇಂಗ್ಲಿಷ್ ಇನಿಷಿಯಲ್ ಮಾತ್ರ ಬರೆದಿದ್ದರು. ಎರಡನೇ ಸಲ ಒಬ್ಬರನ್ನೇ ಕರೆದು ಅದನ್ನು ಕೇಳಿದೆ.

ಅವರ ತಂದೆ ಕನ್ನಡ ಮೇಷ್ಟ್ರು. ಕುವೆಂಪು ತಮ್ಮ ಒಬ್ಬ ಮಗನಿಗೆ ಪೂರ್ಣಚಂದ್ರ ತೇಜಸ್ವಿ ಎಂದೂ ಇನ್ನೊಬ್ಬ ಮಗನಿಗೆ ಕೋಕಿಲೋದಯ ಚೈತ್ರ ಎಂದೂ ಹೆಸರಿಟ್ಟಿದ್ದರು. ಮೇಷ್ಟ್ರಿಗೆ ಎರಡನೆಯದು ಇಷ್ಟವಾಯಿತು. ಹುಡುಗ ಪಿಯುಸಿಗೆ ಬರುವ ಹೊತ್ತಿಗೆ ಚೈತ್ರ ಎಂದರೆ ಹುಡುಗಿಯೇ ಎಂದಾಗಿತ್ತು. ಕಾಲೇಜಿನಲ್ಲಿ ಅವರ ಹೆಸರನ್ನು ಹುಡುಗಿಯರ ಪಟ್ಟಿಗೆ ಸೇರಿಸಿದ್ದರು. ಹಾಜರಿ ಕೂಗಿದಾಗ ಹುಡುಗರ ಬೆಂಚಿನಿಂದ ಎದ್ದು "ಯೆಸ್ ಸರ್" ಅಂದರಂತೆ. ಅವತ್ತಿನಿಂದ ಎರಡು ವರ್ಷ "ಚೈತ್ರಕ್ಕ". "ಅಪ್ಪನಿಗೆ ಹೇಳಲಿಲ್ಲ. ಅಷ್ಟು ಪ್ರೀತಿಯಿಂದ ಇಟ್ಟಿದ್ದರು." ಹೆಂಡತಿಗೂ ಹೇಳಿರಲಿಲ್ಲ. ಅವರ "ಏನು ಇಟ್ಟರೂ ಸರಿ" ಉದಾಸೀನದ ಮಾತಲ್ಲ, ಹೆದರಿಕೆಯದು ಎಂದು ನನಗೆ ಆಗ ತಿಳಿಯಿತು.

ಸಾಕಮ್ಮನವರು ಮೂರನೇ ಭೇಟಿಯಲ್ಲಿ ಬಾಯಿಬಿಟ್ಟರು. "ಗಂಡು ಮಗು ಆಗಿದ್ರೆ ನಾನು ಒಂದು ಮಾತೂ ಆಡ್ತಿರ್ಲಿಲ್ಲ ಮೇಡಂ. ನಾನು ನಾಕನೇ ಹೆಣ್ಣು. ನಮ್ಮಪ್ಪ ತೊಟ್ಟಿಲ ಹತ್ರಾನೂ ಬರ್ಲಿಲ್ವಂತೆ. ಇನ್ನು ಹೆಣ್ಣು ಸಾಕು ಅಂತ ಸಾಕಮ್ಮ. ಸಾಕು ಅಂದ್ರೆ ಸಾಕೋಳು, ಸಲಹೋಳು ಅಂತಾನೂ ಅರ್ಥ ಐತೆ ಅಂತ ನಮ್ಮನೆಯೋರು ಸಮಾಧಾನ ಹೇಳೋರು. ನಂಗೆ ಗೊತ್ತಿಲ್ವಾ? ಈಗ ನನ್ನ ಮೊಮ್ಮಗಳಿಗೂ ಹೆಣ್ಣು ಅಂತ ಗೊತ್ತಾಗದಂಗೆ ಹೆಸರಿಡ್ತೀನಿ ಅಂತಾಳೆ. ಯಾಕೆ, ಹೆಣ್ಣು ಅನ್ನೋದೇನು ಮುಚ್ಚಿಡೋ ಅಂಥದ್ದಾ?"

ನನಗೆ ಗಂಟಲು ಕಟ್ಟಿತು. ಹಳೆಯ ಕಾಲದವರು, ಹಟ ಹಿಡಿದಿದ್ದಾರೆ ಎಂದು ದೀಪಾ ತಿಳಿದಿದ್ದರು. ಮೊದಲ ದಿನ ನಾನೂ ಹಾಗೆಯೇ ತಿಳಿದಿದ್ದೆ. ಈ ಮಗು ಹೆಣ್ಣೆಂಬ ಕಾರಣಕ್ಕೆ ಕೀಳಾಗಬಾರದು ಎಂಬ ಒಂದೇ ಆಸೆ ಇಬ್ಬರಿಗೂ ಇತ್ತು.

ಸಾಕಮ್ಮನವರಿಗೆ ಇನ್ನೊಂದು ಅನುಮಾನ: "ಇಂಥ ಹೆಸರು ಸರ್ಕಾರದೋರು ಬರ್ಕೊಳ್ತಾರಾ?" ನಮ್ಮಲ್ಲಿ ಆ ತೊಂದರೆಯಿಲ್ಲ, ಜನನ ಪತ್ರದಲ್ಲಿ ಲಿಂಗಕ್ಕೆ ಬೇರೆಯೇ ಕಾಲಂ ಇದೆ. ತೊಂದರೆಯಾದದ್ದು ಜರ್ಮನಿಯಲ್ಲಿ. ಅಲ್ಲಿ ಭಾರತದ ನಂಟಿದ್ದ ದಂಪತಿ ಮಗಳಿಗೆ ಕಿರಣ್ ಎಂದು ಹೆಸರಿಡಲು ಹೋದಾಗ, ಇದರಿಂದ ಹೆಣ್ಣೋ ಗಂಡೋ ತಿಳಿಯುವುದಿಲ್ಲವೆಂದು ನೋಂದಣಿ ಕಚೇರಿ ಒಪ್ಪಲಿಲ್ಲ. ಅವರು ಸಂವಿಧಾನ ನ್ಯಾಯಾಲಯದವರೆಗೂ ಹೋದರು. ಹೆಸರು ಲಿಂಗವನ್ನು ತಿಳಿಸಲೇಬೇಕೆಂದು ಕಾನೂನಿನಲ್ಲಿ ಎಲ್ಲೂ ಇಲ್ಲ ಎಂದು ಆ ನ್ಯಾಯಾಲಯ 2008ರ ಡಿಸೆಂಬರ್‌ನಲ್ಲಿ ಹೇಳಿತು. ಸಾಕಮ್ಮನವರು ಕೇಳಿ, "ಅಷ್ಟು ದೂರ ಹೋದ್ರಾ ಒಂದು ಹೆಸರಿಗೆ!" ಎಂದರು.

ನಾಲ್ಕನೇ ಭೇಟಿಗೆ ಮೂವರೂ ಬಂದರು. ಚೈತ್ರ ಕಾಲೇಜಿನ ಕಥೆ ಹೇಳಿದರು, ಸಾಕಮ್ಮನವರು ತೊಟ್ಟಿಲ ಕಥೆ ಹೇಳಿದರು. ನಾನು ಹೆಚ್ಚು ಮಾತಾಡಲಿಲ್ಲ.

ಆಮೇಲೆ ದೀಪಾಗೆ ಹೇಳಿದೆ: ಇಂಟರ್ವ್ಯೂನಲ್ಲಿ ಕೇಳುವ ಪ್ರಶ್ನೆಯನ್ನು ಹೆಸರು ತಡೆಯಲಾರದು, ಬಾಗಿಲು ತೆರೆದು ಒಳಗೆ ಬಂದ ಕೂಡಲೇ ಹೆಣ್ಣೆಂದು ಗೊತ್ತಾಗುತ್ತದೆ. ಆ ಹೋರಾಟ ನಮ್ಮಂಥ ದೊಡ್ಡವರದು, ಐದು ತಿಂಗಳ ಕೂಸಿನ ತಲೆಯ ಮೇಲೆ ಹೊರಿಸಬೇಡಿ. ಕಿರಣ್ ಎಂಬುದು ಬೆಳಕಿನ ಎಳೆಯೆಂದು ಇಷ್ಟವಾಗಿದ್ದರೆ ಇಡಿ, ಮರೆಗೆ ಬೇಕೆಂದಿದ್ದರೆ ಬೇಡ. ಕನ್ನಡವಂತೂ ಮರೆಮಾಡಲು ಬಿಡುವುದಿಲ್ಲ. ಮಗು ಅತ್ತಿತು, ಮಗು ಮಲಗಿತು ಎಂದು ಕೆಲವು ವರ್ಷ ಸುಮ್ಮನಿರುವ ಭಾಷೆಯೇ ಆಮೇಲೆ ಕಿರಣ್ ಬಂದಳು, ಕಿರಣ್ ಹೋದಳು ಎಂದು ಕ್ರಿಯಾಪದದಲ್ಲೇ ಹೇಳಿಬಿಡುತ್ತದೆ.

ಇದು ಹೊರಗಿನಿಂದ ಬಂದ ಫ್ಯಾಷನ್ ಅಲ್ಲವೆಂದು ಸಾಕಮ್ಮನವರಿಗೆ ತಿಳಿಸಬೇಕಿತ್ತು. ನಿಂಗಪ್ಪ ನಿಂಗಮ್ಮ, ಸಿದ್ದಪ್ಪ ಸಿದ್ದಮ್ಮ, ಬಸಪ್ಪ ಬಸಮ್ಮ: ನಮ್ಮ ಹಳ್ಳಿಗಳಲ್ಲಿ ದೇವರ ಹೆಸರು ಒಂದೇ, ಗಂಡು ಹೆಣ್ಣು ಬರುವುದು ಬಾಲದಲ್ಲಿ. ಮಂಜು, ಶಶಿ ಎಂದು ಬಾಲ ಬಿಟ್ಟು ಕರೆದರೆ ಯಾರಿಗೂ ಸಲ್ಲುತ್ತದೆ.

ಚೈತ್ರ ಅವರಿಗೆ ನಾನು ಒತ್ತಿ ಹೇಳಿದ್ದು ಬೇರೆ. ಇಂಥ ಹೆಸರಿನ ಮಗುವನ್ನು ಶಾಲೆಯಲ್ಲಿ ರೇಗಿಸುವ ದಿನ ಬಂದರೂ ಬರಬಹುದು. ಅವತ್ತು ಮನೆಗೆ ಬಂದು ಹೇಳಿಕೊಳ್ಳುವಷ್ಟು ಸಲಿಗೆ ಅಪ್ಪನ ಹತ್ತಿರ ಇರಲಿ. ಸೇರಿಸುವ ದಿನವೇ ಪಟ್ಟಿಯಲ್ಲಿ ಹೆಸರಿನ ಮುಂದೆ ಏನು ಬರೆದಿದ್ದಾರೆಂದು ನೀವೇ ನೋಡಿ ಬನ್ನಿ. ಏನಾಗುತ್ತದೆಂದು ಈ ಮನೆಯಲ್ಲಿ ಬಲ್ಲವರು ನೀವೊಬ್ಬರೇ.

ಅವಸರವೂ ಇರಲಿಲ್ಲ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಅದಾಗಿತ್ತು. ಹೆಸರನ್ನು 12 ತಿಂಗಳವರೆಗೆ ಶುಲ್ಕವಿಲ್ಲದೆ ಸೇರಿಸಬಹುದು, ಆಮೇಲೆ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಒಮ್ಮೆ ಬರೆಸಿದ ಮೇಲೆ ಬದಲಿಸುವುದೇ ಕಷ್ಟ. ಹಾಗಾಗಿ ಎರಡು ವಾರ ಮನೆಯಲ್ಲಿ ಆ ಹೆಸರನ್ನು ಇಡೀ ವಾಕ್ಯದಲ್ಲಿ ಬಳಸಿ ನೋಡಿ ಎಂದೆ. ಅಡುಗೆಮನೆಯಿಂದ ಕೂಗಿ, ಲಾಲಿಯಲ್ಲಿ ಸೇರಿಸಿ, ಕೋಪ ಬಂದಾಗಲೂ ಕರೆದು ನೋಡಿ. ಅತ್ತೆಗೆ ತೀರ್ಮಾನವನ್ನು ಬಂದು ಹೇಳುವುದಲ್ಲ, ತೀರ್ಮಾನ ಮಾಡುವಾಗಲೇ ಅವರು ಜೊತೆಗಿರಬೇಕು.

ಎಂಟನೇ ತಿಂಗಳಲ್ಲಿ ದೀಪಾ ಫೋನ್ ಮಾಡಿದರು. ಹೆಸರು ಸೇರಿಸಲು ಅರ್ಜಿ ಕೊಟ್ಟಾಗಿದೆ, ಕಿರಣ್ ಎಂದೇ. ಸಾಕಮ್ಮನವರು ಬಾಲ ಸೇರಿಸಿ "ಕಿರಣಮ್ಮಾ" ಎಂದು ಕರೆಯುತ್ತಾರಂತೆ, ಮಗು ಅದಕ್ಕೂ ತಿರುಗಿ ನೋಡುತ್ತದಂತೆ. ಚೈತ್ರ ಆಫೀಸಿನಲ್ಲಿ ಇನ್ನೂ ಇನಿಷಿಯಲ್‌ನಲ್ಲೇ ಇದ್ದಾರೆ. ಆ ವಿಷಯಕ್ಕೆ ಮುಂದಿನ ತಿಂಗಳು ಒಬ್ಬರೇ ಬರುವುದಾಗಿ ಹೇಳಿದ್ದಾರೆ.