ಜಿಂಕೆ ತೋರಿಸಿ ಕುದುರೆ ಅಂದಾಗ

ಓದುಗರ ಪತ್ರ: "ಚೀನಾದಲ್ಲಿ ‘ಜಿಂಕೆ ತೋರಿಸಿ ಕುದುರೆ ಅನ್ನುವುದು’ ಅಂತ ಒಂದು ನುಡಿಗಟ್ಟು ಇದೆಯಂತೆ. ಮೂವರು ಕಳ್ಳರು ಬ್ರಾಹ್ಮಣನ ಹೆಗಲ ಮೇಲಿದ್ದ ಮೇಕೆಯನ್ನು ನಾಯಿ ಅಂತ ನಂಬಿಸಿದ ಕಥೆ ನಮ್ಮಲ್ಲಿದೆಯಲ್ಲ, ಇದೂ ಅದೇನಾ? ನಿಜವಾಗಿ ನಡೆದದ್ದಾ? ಬಾಯಿತಪ್ಪಿ ಒಂದಕ್ಕೆ ಇನ್ನೊಂದು ಹೇಳುವವರಿಗೂ ಈ ಮಾತು ಹೊಂದುತ್ತದಾ?"

ಸಂಪಾದಕರ ಉತ್ತರ:

ನಮಸ್ಕಾರ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣುತ್ತವೆ, ನಿಜ. ಆದರೆ ಆ ಕಳ್ಳರಿಗೆ ಮೇಕೆ ಬೇಕಿತ್ತು. ಚೀನಾದ ಈ ಮಾತಿನ ಹಿಂದಿರುವ ಮನುಷ್ಯನಿಗೆ ಜಿಂಕೆಯೂ ಬೇಕಿರಲಿಲ್ಲ, ತನ್ನನ್ನು ಯಾರಾದರೂ ನಂಬಬೇಕು ಅಂತಲೂ ಇರಲಿಲ್ಲ.

ಅವನು ಝಾವ್ ಗಾವ್, ಚಿನ್ ಸಾಮ್ರಾಜ್ಯದ ಪ್ರಧಾನಿ. ಕ್ರಿ.ಪೂ. 207ರಲ್ಲಿ ಒಂದು ಜಿಂಕೆ ತಂದು ಎರಡನೇ ಚಕ್ರವರ್ತಿ ಹೂಹಾಯ್‌ಗೆ ಒಪ್ಪಿಸಿ, "ಇದು ಕುದುರೆ" ಎಂದ. ಚಕ್ರವರ್ತಿ ನಕ್ಕುಬಿಟ್ಟ. ಪ್ರಧಾನಿಗಳು ಜಿಂಕೆಯನ್ನು ಕುದುರೆ ಅಂತಿದ್ದಾರಲ್ಲ ಅಂತ ಸುತ್ತಲಿದ್ದವರನ್ನು ಕೇಳಿದ. ಕೆಲವರು ಬಾಯಿ ಬಿಡಲಿಲ್ಲ. ಕೆಲವರು ಕುದುರೆಯೇ ಎಂದರು. ಕೆಲವರು ಮಾತ್ರ ಜಿಂಕೆ ಎಂದರು. ಹಾಗೆ ಅಂದವರನ್ನು ಝಾವ್ ಗಾವ್ ಆಮೇಲೆ ಒಳಗೊಳಗೇ ಕಾನೂನಿನ ಕುಣಿಕೆಗೆ ಸಿಕ್ಕಿಸಿದ.

ಇದನ್ನು ತನ್ನ ಇತಿಹಾಸ ಗ್ರಂಥ ‘ಶಿಜಿ’ಯಲ್ಲಿ ಬರೆದಿಟ್ಟ ಸಿಮಾ ಚಿಯೆನ್, ಅದೊಂದು ಪರೀಕ್ಷೆ ಅಂತ ನೇರವಾಗಿಯೇ ಹೇಳುತ್ತಾನೆ. ಝಾವ್ ಗಾವ್ ಅಧಿಕಾರ ಕಿತ್ತುಕೊಳ್ಳಲು ಹೊಂಚು ಹಾಕುತ್ತಿದ್ದ. ಯಾರು ಅಡ್ಡ ಬರುತ್ತಾರೆ ಅಂತ ಮೊದಲೇ ತಿಳಿಯಬೇಕಿತ್ತು. ಅದಕ್ಕೆ ಕಣ್ಣಿಗೆ ರಾಚುವ ಸುಳ್ಳೇ ಬೇಕು. ನಂಬುವಂಥ ಸುಳ್ಳಾಗಿದ್ದರೆ, ನಂಬಿ ಹೂಂ ಅಂದವರು ಯಾರು, ಹೆದರಿ ಹೂಂ ಅಂದವರು ಯಾರು ಅಂತ ಅವನಿಗೆ ಗೊತ್ತಾಗುತ್ತಿರಲಿಲ್ಲ, ಅಲ್ವಾ?

ಆ ಅರಮನೆಗೆ ನಟನೆ ಹೊಸದೇನಲ್ಲ. ಕ್ರಿ.ಪೂ. 210ರ ಬೇಸಿಗೆಯಲ್ಲಿ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್ ಪ್ರವಾಸದ ನಡುವೆಯೇ ಸತ್ತಿದ್ದ. ಝಾವ್ ಗಾವ್ ಮತ್ತು ಆಗಿನ ಪ್ರಧಾನಿ ಲಿ ಸಿ ಸುದ್ದಿ ಮುಚ್ಚಿಟ್ಟರು. ಹೆಣ ಇದ್ದ ಗಾಡಿಗೆ ದಿನಾ ಊಟ ಹೋಗುತ್ತಿತ್ತು. ಬಿಸಿಲಿಗೆ ನಾತ ಹೊಡೆಯತೊಡಗಿದಾಗ, ಗುರುತು ಸಿಗದಿರಲಿ ಅಂತ ಜೊತೆಯ ಗಾಡಿಗೆ ಉಪ್ಪುಮೀನು ತುಂಬಿಸಿದರು. ಹಿರಿಯ ಮಗ ಫೂಸು ಪ್ರಾಣ ಬಿಡಬೇಕು ಅಂತ ತಂದೆಯ ಹೆಸರಲ್ಲಿ ಕಳ್ಳ ಆಜ್ಞೆ ಹೊರಡಿಸಿ, ಕಿರಿಯವ ಹೂಹಾಯ್‌ಗೆ ಪಟ್ಟ ಕಟ್ಟಿದರು. ಕ್ರಿ.ಪೂ. 208ರಲ್ಲಿ ಲಿ ಸಿಯ ಪ್ರಾಣವೂ ಹೋಯಿತು. ಅವನ ಜಾಗಕ್ಕೆ ಝಾವ್ ಗಾವ್ ಬಂದ.

ಜಿಂಕೆಯ ಪ್ರಸಂಗಕ್ಕೆ ನಿಮ್ಮ ಮೇಕೆಯ ಕಥೆಗೆ ಹತ್ತಿರವಾದ ಇನ್ನೊಂದು ಪಾಠ, ಅಂದರೆ ಬೇರೆ ರೂಪವೂ ಇದೆ. ಅದೇ ಸಿಮಾ ಚಿಯೆನ್, ಅದೇ ಗ್ರಂಥದಲ್ಲಿ ಲಿ ಸಿಯ ಬದುಕನ್ನು ಹೇಳುವ ಕಡೆ ಈ ಪ್ರಸಂಗವನ್ನು ಬೇರೆ ಥರ ಬರೆಯುತ್ತಾನೆ. ಅಲ್ಲಿ ಎಲ್ಲರೂ ಕುದುರೆ ಅನ್ನುತ್ತಾರೆ. ಚಕ್ರವರ್ತಿಗೆ ತನ್ನ ತಲೆಯೇ ಕೆಟ್ಟಿದೆ ಅಂತ ಗಾಬರಿ. ಶಕುನ ಹೇಳುವವನನ್ನು ಕರೆಸುತ್ತಾನೆ. ಪೂಜೆಯ ಮಡಿಯಲ್ಲಿ ಲೋಪವಾಗಿದೆ ಅನ್ನುತ್ತಾನೆ ಅವನು. ಚಕ್ರವರ್ತಿ ವ್ರತ ಮಾಡಲು ಶಾಂಗ್‌ಲಿನ್ ವನಕ್ಕೆ ಹೋಗಿ, ದಿನವೂ ಬೇಟೆಯಾಡುತ್ತಾ, ಒಳಗೆ ಬಂದ ಒಬ್ಬ ದಾರಿಹೋಕನನ್ನು ಬಾಣ ಬಿಟ್ಟು ಕೊಲ್ಲುತ್ತಾನೆ. ನನಗೆ ಈ ಪಾಠವೇ ಜಾಸ್ತಿ ಭಯ ಹುಟ್ಟಿಸುತ್ತದೆ. ಸುಳ್ಳು ಅಂತ ಗೊತ್ತಿದ್ದವರೆಲ್ಲ ಹೂಂ ಅಂದಾಗ, ಸರಿಯಾಗಿ ನೋಡಿದವನೇ ತನ್ನ ಕಣ್ಣನ್ನು ಅನುಮಾನಿಸಬೇಕಾಯಿತು.

ಮುಂದಿನದು ಬೇಗ ಮುಗಿಯಿತು. ಝಾವ್ ಗಾವ್ ಒತ್ತಡಕ್ಕೆ ಹೂಹಾಯ್ ಕ್ರಿ.ಪೂ. 207ರಲ್ಲೇ ಆತ್ಮಹತ್ಯೆ ಮಾಡಿಕೊಂಡ. ನಂತರ ಬಂದ ಝಿಯಿಂಗ್, ಝಾವ್ ಗಾವ್‌ನನ್ನೇ ಕೊಲ್ಲಿಸಿದ. ಕ್ರಿ.ಪೂ. 221ರಲ್ಲಿ ಚೀನಾವನ್ನೆಲ್ಲ ಒಂದು ಮಾಡಿದ್ದ ಚಿನ್ ಮನೆತನ ಹದಿನೈದೇ ವರ್ಷಕ್ಕೆ ನೆಲ ಕಚ್ಚಿತು.

ನಡೆದದ್ದಾ ಅಂತ ಕೇಳಿದ್ದೀರಿ. ಸಿಮಾ ಚಿಯೆನ್ ಬರೆದದ್ದು ಸುಮಾರು ನೂರು ವರ್ಷಗಳ ನಂತರ. ಅವನಲ್ಲೇ ಎರಡು ಪಾಠ ಇರುವುದರಿಂದ ಒಂದೊಂದು ಮಾತೂ ಹಾಗೇ ನಡೆಯಿತು ಅನ್ನಲಾಗದು. ಆದರೆ ಅಂಥ ಆಸ್ಥಾನ ಹೇಗಿರುತ್ತದೆ ಅಂತ ಅವನು ಮೈಮೇಲೆ ಅನುಭವಿಸಿದವನು. ಕ್ರಿ.ಪೂ. 99ರಲ್ಲಿ ಲಿ ಲಿಂಗ್ ಎಂಬ ಸೇನಾಪತಿ ಯುದ್ಧದಲ್ಲಿ ಸೋತು ಶತ್ರುವಿಗೆ ಶರಣಾದಾಗ, ಆಗಿನ ಹಾನ್ ಮನೆತನದ ಚಕ್ರವರ್ತಿ ವೂನ ಕೋಪ ನೋಡಿ ಆಸ್ಥಾನದವರು ಲಿ ಲಿಂಗ್‌ನನ್ನು ದೂರಿದರು. ಸಿಮಾ ಚಿಯೆನ್ ಅವನ ಪರ ಮಾತಾಡಿದ. ಅದಕ್ಕೆ ಅವನ ಪುರುಷತ್ವವನ್ನೇ ಕತ್ತರಿಸಿದರು. ಆಮೇಲೂ ಅವನು ಬರೆಯುವುದನ್ನು ನಿಲ್ಲಿಸಲಿಲ್ಲ. ಜಿಂಕೆ ಎಂದವರ ಬಗ್ಗೆ ಇರುವ ಆ ಒಂದು ಸಾಲನ್ನು ನಾನು ಹಗುರವಾಗಿ ಓದಲಾರೆ.

ಕೊನೆಯ ಪ್ರಶ್ನೆಗೆ ಉತ್ತರ: ಹೊಂದುವುದಿಲ್ಲ. ಬಾಯಿತಪ್ಪಿದವರಿಗೆ, ಗೊತ್ತಿಲ್ಲದೆ ತಪ್ಪು ಹೇಳಿದವರಿಗೆ ಈ ಮಾತು ಅನ್ನಬೇಡಿ. ಗೊತ್ತಿದ್ದೂ ಕರಿಯನ್ನು ಬಿಳಿ ಅನ್ನುವವರಿಗೆ, ಅದರಲ್ಲೂ ಅಧಿಕಾರದ ಬಲದಿಂದ ಹಾಗನ್ನುವವರಿಗೆ ಚೀನೀಯರು ಇದನ್ನು ಇವತ್ತಿಗೂ ಬಳಸುತ್ತಾರೆ.